ಚೀಟಿಯಲ್ಲಿ ‘ಮಿಕ್ಸ್ ಮಾಡಿಸಿಕೊಳ್ಳಿ’ ಅಂತ ಬರೆದಿದ್ದರೆ

ನಾನು ಶಿಡ್ಲಘಟ್ಟದಲ್ಲಿ ಮೆಡಿಕಲ್ ಸ್ಟೋರ್ ನಡೆಸುತ್ತೇನೆ. ವಯಸ್ಸಾದವರು ಈಗಲೂ ನನ್ನನ್ನು ಕಾಂಪೌಂಡರಮ್ಮ ಅನ್ನುತ್ತಾರೆ. ಆಸ್ಪತ್ರೆಯ ಕಾಂಪೌಂಡರು ಕೆಂಪು ಮಿಕ್ಸ್ಚರನ್ನು ಸೀಸೆಗೆ ಸುರಿದು, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿ, ‘ಒಂದು ಹೊತ್ತಿಗೆ ಒಂದು ಗುರುತು’ ಅಂತ ಹೇಳಿ ಕಳಿಸುತ್ತಿದ್ದ ಕಾಲ ಅವರಿಗೆ ನೆನಪಿದೆ. ಆಮೇಲೆ ಎಲ್ಲವೂ ಕಂಪನಿಯಿಂದಲೇ ಸ್ಟ್ರಿಪ್ಪು, ಟ್ಯೂಬುಗಳಲ್ಲಿ ಬರತೊಡಗಿ ಅಂಗಡಿಯವರ ಕೈಯಲ್ಲಿ ಕತ್ತರಿಯೊಂದೇ ಉಳಿಯಿತು. ಆದರೂ ಕೆಲವರಿಗೆ ಬೇಕಾದ ಅಳತೆಯ ಔಷಧಿ ರೆಡಿಯಾಗಿ ಸಿಗುವುದಿಲ್ಲ. ದೊಡ್ಡವರ ಮಾತ್ರೆಯ ಐದನೇ ಒಂದು ಭಾಗ ಮಾತ್ರ ಬೇಕಾದ ಕೂಸು, ಟ್ಯೂಬಿನ ಕ್ರೀಮಿಗೆ ಹಾಕುವ ಸುವಾಸನೆಯೇ ಅಲರ್ಜಿಯಾಗುವ ಚರ್ಮ, ಲಕ್ವ ಹೊಡೆದು ಮೂಗಿನ ಪೈಪಿನಲ್ಲಿ ಊಟ ಹೋಗುತ್ತಿರುವ ಅಜ್ಜ, ಇಂಥವರು. ಇವರ ಚೀಟಿಯಲ್ಲಿ ಡಾಕ್ಟರು ಬೆರೆಸಿ ಕೊಡುವಂತೆ ಬರೆಯುತ್ತಾರೆ. ಅಂಥ ಚೀಟಿ ಹಿಡಿದು ಹೊರಟವರು ಏನು ಕೇಳಬೇಕು, ಏನು ನೋಡಬೇಕು ಅನ್ನುವುದನ್ನು ಕೌಂಟರಿನ ಒಳಗೆ ನಿಂತವಳಾಗಿ ಹೇಳುತ್ತಿದ್ದೇನೆ.

ಡಾಕ್ಟರ ಕೋಣೆಯಿಂದ ಎದ್ದು ಬರುವ ಮೊದಲೇ ಒಂದು ಮಾತು ಕೇಳಿ: ‘ಇದು ರೆಡಿಯಾಗಿ ಸಿಗಲ್ವಾ ಸಾರ್?’ ಎಷ್ಟೋ ಸಲ ಸಿಗುತ್ತದೆ. ಮಲದ್ವಾರದ ಬಿರುಕಿಗೆ ಬರೆಯುವ ಶೇಕಡಾ 2ರ ಡಿಲ್ಟಿಯಾಜೆಮ್ ಜೆಲ್ ಟ್ಯೂಬಿನಲ್ಲೇ ಬರುತ್ತದೆ, ಕಾಲಿನ ಒಡಕಿಗೆ ಹಚ್ಚುವ ಶೇಕಡಾ 6ರ ಸ್ಯಾಲಿಸಿಲಿಕ್ ಆಸಿಡ್ ಮುಲಾಮೂ ಬರುತ್ತದೆ. ರೆಡಿಯಾಗಿ ಸಿಗುವುದಾದರೆ ಅದನ್ನೇ ತಗೊಳ್ಳಿ. ಬೆರೆಸುವುದು ನನ್ನ ಕಸುಬಾದರೂ ಈ ಮಾತು ಹೇಳಲೇಬೇಕು. ಕಾರ್ಖಾನೆಯಲ್ಲಿ ಪ್ರತಿ ಬ್ಯಾಚಿಗೂ ಪರೀಕ್ಷೆ ಇರುತ್ತದೆ, ನಾನು ಮಾಡಿದ್ದಕ್ಕೆ ನನ್ನ ತಕ್ಕಡಿ ಮತ್ತು ನನ್ನ ಕಣ್ಣೇ ಪರೀಕ್ಷೆ.

ಸಿಗುವುದಿಲ್ಲ ಅಂತಾದರೆ ಚೀಟಿ ಪೂರ್ತಿ ಬರೆಸಿಕೊಳ್ಳಿ. ‘ಸ್ಯಾಲಿಸಿಲಿಕ್ ಆಯಿಂಟ್‌ಮೆಂಟ್, ದಿನಕ್ಕೆರಡು ಸಲ’ ಅಂತಷ್ಟೇ ಇದ್ದರೆ ನನ್ನ ಕೈ ಕಟ್ಟಿದ ಹಾಗೆ. ಅದೇ ಆಸಿಡ್ಡು ಶೇಕಡಾ 3 ಇದ್ದರೆ ಗಡುಸಾದ ಚರ್ಮ ಮೆತ್ತಗಾಗುತ್ತದೆ. ಶೇಕಡಾ 40 ಅಂದರೆ ಕಾಲಿನ ಆಣಿ ತೆಗೆಯುವ ಪ್ಲಾಸ್ಟರಿನ ಬಲ. ಔಷಧಿಯ ಹೆಸರು, ಅದರ ಶೇಕಡಾವಾರು ಅಥವಾ ಎಂಜಿ, ಯಾವುದರಲ್ಲಿ ಬೆರೆಸಬೇಕು, ಒಟ್ಟು ಎಷ್ಟು, ಎಷ್ಟು ದಿನಕ್ಕೆ, ಇಷ್ಟೂ ಇರಲಿ. ಮಗುವಿಗಾದರೆ ಆವತ್ತಿನ ತೂಕವೂ ಬೇಕು. ಇನ್ನೊಂದನ್ನು ಒತ್ತಿ ಹೇಳುತ್ತೇನೆ: ‘5 ಎಂಜಿ, ದಿನಕ್ಕೆರಡು ಸಲ’ ಅಂದರೆ ಒಂದೊಂದು ಸಲಕ್ಕೂ ಐದೋ, ಇಡೀ ದಿನಕ್ಕೆ ಸೇರಿ ಐದೋ? ಡಾಕ್ಟರನ್ನೇ ಕೇಳಿ, ಬಾಯಿಮಾತಿಗೆ ಬಿಡದೆ ಬರೆಸಿ.

ಯಾವ ಅಂಗಡಿಗೆ ಹೋಗಬೇಕು

ಎಲ್ಲ ಅಂಗಡಿಯವರೂ ಮಾಡುವುದಿಲ್ಲ. ‘ನಮ್ಮಲ್ಲಿ ಆಗಲ್ಲಮ್ಮ’ ಅಂದವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಅಂದಾಜಿಗೆ ಮಾಡಿಕೊಡುವವರಿಗಿಂತ ಅವರೇ ವಾಸಿ. ಚೀಟಿ ನೋಡಿ ಔಷಧಿ ಬೆರೆಸುವುದು ರಿಜಿಸ್ಟರ್ಡ್ ಫಾರ್ಮಸಿಸ್ಟ್ ಕೆಲಸ ಅಂತ 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಹೆಲ್ಪರ್ ಹುಡುಗ ಎಷ್ಟೇ ಚುರುಕಾಗಿರಲಿ, ಇದು ಅವನ ಕೆಲಸವಲ್ಲ. ಗೋಡೆ ಮೇಲೆ ಲೈಸೆನ್ಸ್ ತೂಗುಹಾಕಿರುತ್ತಾರೆ, ನೋಡಿ. ಫಾರ್ಮಸಿಸ್ಟ್ ಯಾರು, ಈಗ ಅಂಗಡಿಯಲ್ಲಿದ್ದಾರಾ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಸಣ್ಣ ತೂಕ ತೂಗುವ ತಕ್ಕಡಿ ಇದೆಯಾ ಅಂತಲೂ ಕೇಳಿ. ಚಮಚದಲ್ಲಿ ಅಳೆದು ಪುಡಿ ಹಾಕುವವರ ಹತ್ತಿರ ಮಾಡಿಸಬೇಡಿ.

ಮಗುವನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡಿಸಿಕೊಂಡು ಬರುವವರು ಮೊದಲ ಸಲದ ಔಷಧಿ ಪುಡಿಯ ಪೊಟ್ಟಣಗಳನ್ನು ಅಲ್ಲಿನ ಫಾರ್ಮಸಿಯಲ್ಲೇ ಮಾಡಿಸಲು ನೋಡಿ. ಹೇಗೆ ಮಾಡಿದರು ಅನ್ನುವುದನ್ನು ಬರೆಸಿಕೊಂಡು ಬಂದರೆ ಊರಿನಲ್ಲಿ ನಾವು ಅದೇ ಲೆಕ್ಕದಲ್ಲಿ ಮುಂದುವರಿಸಬಹುದು.

ಬಸ್ಸಿಗೆ ಹೊತ್ತಾಯಿತು ಅಂತ ಹೊಸ್ತಿಲಲ್ಲೇ ನಿಂತು ಅವಸರ ಮಾಡಬೇಡಿ. ಬೆಳಗ್ಗೆ ಚೀಟಿ ಕೊಟ್ಟು ಹೋಗಿ, ಸಂಜೆ ಬಂದು ತಗೊಂಡು ಹೋಗಿ. ರೇಷ್ಮೆಗೂಡಿನ ಮಾರುಕಟ್ಟೆಯ ಗಲಾಟೆ ಇಳಿದು ಕೌಂಟರ್ ಖಾಲಿಯಾದ ಮೇಲೆಯೇ ನಾನು ತಕ್ಕಡಿ ಮುಂದೆ ಕೂರುವುದು.

ಮುಲಾಮು

ನಮ್ಮೂರಿನ ನೂಲು ಬಿಚ್ಚಾಣಿಕೆದಾರರ ಕೈ ನೋಡಿದವರಿಗೆ ಗೊತ್ತು. ಬಿಸಿನೀರಿನ ಬೇಸಿನ್ನಿನಲ್ಲಿ ದಿನವಿಡೀ ಗೂಡಿನ ಎಳೆ ಹುಡುಕಿ ಬೆರಳ ಸಂದು ನೆನೆದು ಬಿಳಿಚಿಕೊಂಡು, ಅಂಗೈ ಗಡುಸಾಗಿ ಬಿರಿದಿರುತ್ತದೆ. ಊಟಕ್ಕೆ ಕೂತರೆ ಸಾರಿನ ಖಾರ ತಾಗಿ ಉರಿ. ಅಂಗಡಿಯ ಕ್ರೀಮುಗಳೆಲ್ಲ ಅಲರ್ಜಿಯಾದ ಒಬ್ಬರಿಗೆ ಡಾಕ್ಟರು ಬರೆದದ್ದು ಇಷ್ಟು: ಶೇಕಡಾ 3 ಸ್ಯಾಲಿಸಿಲಿಕ್ ಆಸಿಡ್, ಬರೀ ಬಿಳಿ ಪೆಟ್ರೋಲಿಯಂ ಜೆಲ್ಲಿಯಲ್ಲಿ, 100 ಗ್ರಾಂ, ಸುವಾಸನೆ ಬೇಡ.

ಲೆಕ್ಕ ಸುಲಭ. 3 ಗ್ರಾಂ ಪುಡಿ, 97 ಗ್ರಾಂ ಜೆಲ್ಲಿ. ಕಷ್ಟ ಇರುವುದು ಬೆರೆಸುವುದರಲ್ಲಿ. ಪುಡಿಯನ್ನು ಒಮ್ಮೆಗೇ ಅಷ್ಟೂ ಜೆಲ್ಲಿಗೆ ಸುರಿದು ಕಲಸಿದರೆ ಒಂದು ಕಡೆ ಆಸಿಡ್ಡು ಗಂಟು ಕಟ್ಟುತ್ತದೆ, ಇನ್ನೊಂದು ಕಡೆ ಏನೂ ಇರುವುದಿಲ್ಲ. ಗಂಟು ಇದ್ದ ಜಾಗ ತಾಗಿದ ಚರ್ಮ ಸುಟ್ಟುಕೊಳ್ಳುತ್ತದೆ. ಹಾಗಾಗಿ ಗಾಜಿನ ಹಲಗೆ ಮೇಲೆ ನುಣ್ಣನೆಯ ಪುಡಿ ಹಾಕಿ, ಕೆಲವು ಹನಿ ಲಿಕ್ವಿಡ್ ಪ್ಯಾರಾಫಿನ್ ಬಿಟ್ಟು, ಅಗಲ ಅಲಗಿನಿಂದ ಅಡ್ಡಡ್ಡ ಉಜ್ಜುತ್ತಾ ಹೋಗುತ್ತೇನೆ. ಮೊದಮೊದಲು ಅಲಗಿನ ಕೆಳಗೆ ಕರಕರ ಅನ್ನುತ್ತದೆ. ಆ ಸದ್ದು ನಿಂತ ಮೇಲೆ ಅಷ್ಟೇ ಪ್ರಮಾಣದ ಜೆಲ್ಲಿ ಸೇರಿಸಿ ಬೆರೆಸುವುದು, ಆಮೇಲೆ ಹಲಗೆ ಮೇಲೆ ಎಷ್ಟಿದೆಯೋ ಮತ್ತೆ ಅಷ್ಟೇ ಸೇರಿಸುವುದು. ಹೀಗೆ ದುಪ್ಪಟ್ಟು ಮಾಡುತ್ತಾ 100 ಗ್ರಾಂಗೆ ಮುಟ್ಟುವುದು. ಅಲಗು ಪ್ಲಾಸ್ಟಿಕ್ಕಿನದು. ಕಬ್ಬಿಣ ತಾಗಿದರೆ ಈ ಆಸಿಡ್ಡು ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಇಷ್ಟು ವಿವರ ಯಾಕೆಂದರೆ ನೀವೂ ಪರೀಕ್ಷೆ ಮಾಡಬಹುದು. ಡಬ್ಬಿ ಕೈಗೆ ಬಂದ ತಕ್ಷಣ ಚೂರು ತೆಗೆದು ಎರಡು ಬೆರಳ ನಡುವೆ ಉಜ್ಜಿ ನೋಡಿ. ರವೆ ಸಿಕ್ಕ ಹಾಗೆ ತರಿ ತರಿ ಅನ್ನಿಸಿದರೆ ಅಲ್ಲೇ ವಾಪಸ್ ಕೊಡಿ. ಹಚ್ಚುವುದು ರಾತ್ರಿ, ಕೈ ತೊಳೆದು ಒರೆಸಿಕೊಂಡ ಮೇಲೆ. ರಕ್ತ ಬರುತ್ತಿರುವ ಬಿರುಕಿಗೆ ಹಚ್ಚಬೇಡಿ. ಸಕ್ಕರೆ ಕಾಯಿಲೆ ಇರುವವರು ಅಕ್ಕಪಕ್ಕದವರ ಡಬ್ಬಿಯಿಂದ ತೆಗೆದು ಕಾಲಿಗೆ ಹಚ್ಚಿಕೊಳ್ಳಲೇಬೇಡಿ.

ಮಕ್ಕಳ ಪೊಟ್ಟಣ, ದೊಡ್ಡವರ ಪುಡಿ

ಹೃದಯದ ತೊಂದರೆ ಇರುವ ಕೂಸಿಗೆ ಒಂದು ಸಲಕ್ಕೆ 5 ಎಂಜಿ ಸ್ಪೈರೊನೊಲ್ಯಾಕ್ಟೋನ್ ಬರೆದಿದ್ದಾರೆ ಅಂದುಕೊಳ್ಳಿ. ಅಂಗಡಿಯಲ್ಲಿರುವುದು 25ರ ಮಾತ್ರೆ. ಮನೆಯಲ್ಲಿ ಬ್ಲೇಡಿನಿಂದ ಐದು ಪಾಲು ಮಾಡಲು ಹೋದರೆ ಎರಡು ಪಾಲು ದೊಡ್ಡದಾಗಿ, ಒಂದು ಪುಡಿಯಾಗಿ ನೆಲ ಸೇರುತ್ತದೆ. ನಾವು ಮಾಡುವುದು ಹೀಗೆ: ಮೂರು ಮಾತ್ರೆಯನ್ನು ಪಿಂಗಾಣಿ ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು, ಒಟ್ಟು 3 ಗ್ರಾಂ ಆಗುವವರೆಗೆ ಸ್ವಲ್ಪ ಸ್ವಲ್ಪವೇ ಲ್ಯಾಕ್ಟೋಸ್ ಪುಡಿ ಬೆರೆಸಿ, 200 ಎಂಜಿಯಂತೆ ತೂಗಿ 15 ಪೊಟ್ಟಣ ಕಟ್ಟುವುದು. 75ನ್ನು 15ರಿಂದ ಭಾಗಿಸಿದರೆ ಪೊಟ್ಟಣಕ್ಕೆ 5. ಪುಡಿ ಕಣ್ಣಿಗೆ ಜಾಸ್ತಿ ಕಂಡರೂ ಔಷಧಿ ಇರುವುದು ಅಷ್ಟೇ. ಲ್ಯಾಕ್ಟೋಸ್ ಹಾಲಿನ ಸಕ್ಕರೆ. ಮಗುವಿಗೆ ಅದು ಆಗದು ಅಂತ ಡಾಕ್ಟರು ಹೇಳಿದ್ದರೆ ಚೀಟಿ ಕೊಡುವಾಗಲೇ ತಿಳಿಸಿ, ಬೇರೆ ಪುಡಿ ಬಳಸುತ್ತೇವೆ.

ಪೊಟ್ಟಣ ಬಿಚ್ಚಿ, ಕುದಿಸಿ ಆರಿಸಿದ ನೀರನ್ನು ಒಂದು ಚಮಚದಲ್ಲಿ ತಗೊಂಡು ಕದಡಿ ಪೂರ್ತಿ ಕುಡಿಸಿ. ಹಾಲಿನ ಬಾಟಲಿಗೆ ಹಾಕಬೇಡಿ, ಮಗು ಅರ್ಧ ಹಾಲು ಬಿಟ್ಟರೆ ಅರ್ಧ ಔಷಧಿಯೂ ಉಳಿಯಿತು. ವಾಂತಿ ಮಾಡಿದರೆ ನೀವೇ ತೀರ್ಮಾನಿಸಿ ಇನ್ನೊಂದು ಪೊಟ್ಟಣ ಕೊಡದೆ ಡಾಕ್ಟರಿಗೆ ಫೋನ್ ಮಾಡಿ. ಥೈರಾಯ್ಡ್ ಮಾತ್ರೆಯ ವಿಷಯ ಬೇರೆ. ಅದನ್ನು ವಾರಕ್ಕಾಗುವಷ್ಟು ನೀರಿನಲ್ಲಿ ಕರಗಿಸಿ ಇಡುವಂತಿಲ್ಲ, ಬಲ ಹೋಗುತ್ತದೆ. ಆಯಾ ದಿನದ್ದು ಆಗಲೇ ಪುಡಿ ಮಾಡಿ, ಆಗಲೇ ಕುಡಿಸಬೇಕು.

ನುಂಗಲಾಗದ ದೊಡ್ಡವರಿಗೆ ಮನೆಯವರೇ ಮಾತ್ರೆ ಕುಟ್ಟಿ ಕೊಡುವುದುಂಟು. ಸ್ಟ್ರಿಪ್ಪಿನ ಮೇಲೆ ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್ ಅಂತಿದ್ದರೆ ಕುಟ್ಟಬೇಡಿ. ಇಡೀ ದಿನ ನಿಧಾನವಾಗಿ ಇಳಿಯಬೇಕಾದ ಔಷಧಿ ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ. ಬಿಪಿ ಮಾತ್ರೆಯಾದರೆ ಅಜ್ಜ ಎದ್ದು ನಿಲ್ಲುವಾಗಲೇ ಬೀಳಬಹುದು. ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗಲೆಂದು ಲೇಪ ಕೊಟ್ಟ ಮಾತ್ರೆಗಳಿಗೂ ಇದೇ ಮಾತು. ಸ್ಟ್ರಿಪ್ಪುಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಬಂದು ತೋರಿಸಿ. ಯಾವುದನ್ನು ಪುಡಿ ಮಾಡಬಹುದು, ಯಾವುದಕ್ಕೆ ಸಿರಪ್ ಇದೆ, ಯಾವುದನ್ನು ಡಾಕ್ಟರ ಹತ್ತಿರ ಬದಲಾಯಿಸಬೇಕು ಅಂತ ಗುರುತು ಹಾಕಿ ಕೊಡುತ್ತೇವೆ.

ಬಾಟಲಿ ಮೇಲಿನ ಚೀಟಿ

ಇದೊಂದನ್ನು ಬಿಡಬೇಡಿ. ಬೆರೆಸಿ ಕೊಟ್ಟ ದ್ರವ ಔಷಧಿಯ ಬಾಟಲಿ ಮೇಲೆ ‘1 ಎಂಎಲ್‌ನಲ್ಲಿ ಇಷ್ಟು ಎಂಜಿ’ ಅಂತ ಬರೆದಿರಲೇಬೇಕು. ‘ಅರ್ಧ ಮುಚ್ಚಳ ಕುಡಿಸಿ’ ಅಂತ ಬಾಯಲ್ಲಿ ಹೇಳಿದರೆ ಸಾಲದು. ಕಾರಣ ಬೇಕಾದರೆ ಮನೆಯಲ್ಲಿರುವ ಜ್ವರದ ಔಷಧಿಯನ್ನೇ ನೋಡಿ. ಪ್ಯಾರಾಸಿಟಮಾಲ್ ಡ್ರಾಪ್ಸ್ 1 ಎಂಎಲ್‌ನಲ್ಲಿ 100 ಎಂಜಿ ಇರುತ್ತದೆ. 120ರ ಸಿರಪ್ಪಿನಲ್ಲಿ ಆ 120 ಇರುವುದು 5 ಎಂಎಲ್‌ಗೆ, ಅಂದರೆ 1 ಎಂಎಲ್‌ಗೆ 24. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಹೆಚ್ಚು ಹೋಯಿತು. ಕಂಪನಿಯ ಬಾಟಲಿಯಲ್ಲಾದರೆ ಅಚ್ಚಾಗಿರುತ್ತದೆ, ತಿರುಗಿಸಿ ಓದಿಕೊಳ್ಳಬಹುದು. ನಮ್ಮ ಬಾಟಲಿಯಲ್ಲಿ ನಾವು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಗುವಿಗೆ ರಾತ್ರಿ ಏನಾದರೂ ಆಗಿ ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿಗೋ ಓಡಿದರೆ ಅಲ್ಲಿನ ಡಾಕ್ಟರು ಕೇಳುವುದೂ ಇದನ್ನೇ.

ಇದರ ಜೊತೆಗೆ ರೋಗಿಯ ಹೆಸರು, ಏನೇನು ಹಾಕಿದೆ, ಮಾಡಿದ ತಾರೀಕು, ಯಾವ ತಾರೀಕಿನ ಮೇಲೆ ಬಳಸಬಾರದು, ಅಲ್ಲಾಡಿಸಬೇಕಾ ಅನ್ನುವುದು ಇರಲಿ. ಅಳೆಯುವುದಕ್ಕೆ ಸೂಜಿ ಇಲ್ಲದ ಸಿರಿಂಜ್ ಕೇಳಿ ತಗೊಳ್ಳಿ. ಅಡುಗೆಮನೆಯ ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಅಳತೆ.

ಕೈಯಲ್ಲಿ ಮಾಡಿದ ಔಷಧಿಗೆ ಆಯಸ್ಸು ಕಡಿಮೆ. ನೀರು ಸೇರಿದ, ಕೆಡದಂತೆ ಏನೂ ಹಾಕದ ದ್ರವಕ್ಕೆ ಫ್ರಿಜ್ಜಿನಲ್ಲಿಟ್ಟರೂ 14 ದಿನ ಅಂತ ಅಮೆರಿಕದ ಔಷಧ ಸಂಹಿತೆ ಮಿತಿ ಹಾಕಿದೆ, ನಾನೂ ಅದನ್ನೇ ಪಾಲಿಸುತ್ತೇನೆ. ಪುಡಿ, ನೀರಿಲ್ಲದ ಮುಲಾಮು ಇನ್ನಷ್ಟು ದಿನ ತಡೆಯುತ್ತವೆ. ನೀವೇ ಮನೆಯಲ್ಲಿ ನೀರು ಬೆರೆಸುವ ಅಮಾಕ್ಸಿಸಿಲಿನ್ ಡ್ರೈ ಸಿರಪ್ಪೂ ಒಂದು ರೀತಿಯಲ್ಲಿ ಇದೇ ಜಾತಿ. ಕುದಿಸಿ ಆರಿಸಿದ ನೀರನ್ನು ಗೆರೆಗಿಂತ ಕೆಳಗೇ ಹಾಕಿ ಅಲ್ಲಾಡಿಸಿ, ನೊರೆ ಇಳಿದ ಮೇಲೆ ಗೆರೆಗೆ ಸರಿಮಾಡಿ. ಏಳು ದಿನದ ಮೇಲೆ ಉಳಿದದ್ದನ್ನು ಮುಂದಿನ ಜ್ವರಕ್ಕೆ ಅಂತ ಎತ್ತಿಡಬೇಡಿ.

ಮಾಡಿಸಲೇಬಾರದ್ದು

ಕಣ್ಣಿಗೆ ಹಾಕುವುದನ್ನು, ಇಂಜೆಕ್ಷನ್ನನ್ನು ನಮ್ಮಂಥ ಅಂಗಡಿಯಲ್ಲಿ ಬೆರೆಸಬಾರದು. ರಾಗಿ ಬಡಿಯುವಾಗ ಹೊಟ್ಟು ಸಿಡಿದು ಕಣ್ಣಿನ ಕರಿಗುಡ್ಡೆ ಹುಣ್ಣಾದವರಿಗೆ ಬಲ ಹೆಚ್ಚಿಸಿದ ಆಂಟಿಬಯಾಟಿಕ್ ಹನಿ ಬರೆಯುತ್ತಾರೆ. ಅದನ್ನು ಕ್ರಿಮಿ ಸೋಂಕದ ವ್ಯವಸ್ಥೆ ಇರುವ ಕಣ್ಣಾಸ್ಪತ್ರೆಯಲ್ಲೇ ಮಾಡಿಸಿಕೊಂಡು, ಫ್ರಿಜ್ಜಿನಲ್ಲಿಟ್ಟು, ಅವರು ಹೇಳಿದ ದಿನಕ್ಕೆ ಬದಲಾಯಿಸಬೇಕು. 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹೀಗೆ ಬೆರೆಸಿ ಕೊಡುವ ಒಂದು ಫಾರ್ಮಸಿಯ ಸ್ಟಿರಾಯ್ಡ್ ಇಂಜೆಕ್ಷನ್ನಿಗೆ ಬೂಷ್ಟು ಸೇರಿ, 750ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದು 60ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ದೊಡ್ಡ ಜಾಗದಲ್ಲೇ ಹಾಗಾದರೆ ಫ್ಯಾನ್ ತಿರುಗುತ್ತಾ, ರಸ್ತೆ ಧೂಳು ಬರುತ್ತಾ ಇರುವ ನನ್ನ ಕೌಂಟರ್ ಯಾವ ಲೆಕ್ಕ?

ಮದುವೆ ಸೀಸನ್ ಬಂದರೆ ‘ಅಕ್ಕಾ, ಆ ಎರಡು ಟ್ಯೂಬು ಮಿಕ್ಸ್ ಮಾಡಿ ಒಂದು ಡಬ್ಬಿಗೆ ಹಾಕ್ಕೊಡಿ, ಮುಖ ಬೆಳ್ಳಗಾಗುತ್ತಂತೆ’ ಅಂತ ಹುಡುಗಿಯರು ಬರುತ್ತಾರೆ. ಅದರಲ್ಲಿ ಒಂದು ಸ್ಟಿರಾಯ್ಡ್ ಇದ್ದೇ ಇರುತ್ತದೆ. ಮೊದಲು ಹೊಳಪು, ಆಮೇಲೆ ತೆಳ್ಳಗಾದ ಚರ್ಮ, ಕೆಂಪು ನರ, ಮೊಡವೆ. 2018ರಿಂದ ಸ್ಟಿರಾಯ್ಡ್ ಮುಲಾಮುಗಳೂ ಶೆಡ್ಯೂಲ್ ಎಚ್‌ನಲ್ಲಿವೆ, ಚೀಟಿ ಇಲ್ಲದೆ ಕೊಡುವಂತಿಲ್ಲ. ಲೇಬಲ್ ಇಲ್ಲದ ಬಿಳಿ ಡಬ್ಬಿಯಲ್ಲಿ ಯಾರು ಕೊಟ್ಟರೂ ಮುಖಕ್ಕೆ ಹಚ್ಚಬೇಡಿ. ನನ್ನ ಹತ್ತಿರವಂತೂ ಬೈಗುಳವೇ ಸಿಗುವುದು.

ದುಡ್ಡಿನ ಮಾತು ಮೊದಲೇ ಆಡಿಕೊಳ್ಳಿ. ಸಾಮಾನಿಗೆಷ್ಟು, ಬೆರೆಸುವ ಕೂಲಿ ಎಷ್ಟು ಅಂತ ಕೇಳಿ, ಬಿಲ್ ಹಾಕಿಸಿಕೊಳ್ಳಿ. ಮುಂದಿನ ಸಲ ಬರುವಾಗ ಹಳೆಯ ಡಬ್ಬಿಯನ್ನು ಅದರ ಮೇಲಿನ ಚೀಟಿ ಸಮೇತ ತನ್ನಿ. ಪೊಟ್ಟಣಗಳು ಮುಗಿಯುವ ದಿನ ಬರಬೇಡಿ, ಎರಡು ಮೂರು ದಿನದ್ದು ಉಳಿದಿರುವಾಗಲೇ ಬನ್ನಿ. ಮಗುವಾದರೆ ಬರುವ ದಾರಿಯಲ್ಲಿ ಅಂಗನವಾಡಿಯಲ್ಲಿ ಒಮ್ಮೆ ತೂಕ ಹಾಕಿಸಿ. ತೂಕ ಏರಿದ್ದರೆ ಹಳೆಯ ಚೀಟಿಯಲ್ಲಿ ನಾನು ಮುಂದುವರಿಸುವುದಿಲ್ಲ, ಮೊದಲು ಡಾಕ್ಟರಿಗೆ ಫೋನ್ ಹಚ್ಚಿ ಕೇಳುತ್ತೇನೆ.