ಜಿಗ್‌ಸಾದಲ್ಲೇ ಜಾಲಿ ಉಜ್ಜಿದೆ

ದೇವರಮನೆ ಬಾಗಿಲಿಗೆ ಜಾಲಿ, ಅಂದರೆ ತೂತು ತೂತಿನ ವಿನ್ಯಾಸ, ಕೊರೆಯುವುದು ಕಷ್ಟವಲ್ಲ. ಕೊರೆದ ಮೇಲೆ ಆ ತೂತುಗಳ ಒಳ ಅಂಚು ಉಜ್ಜುವುದಿದೆಯಲ್ಲ, ಕೂಲಿಯೆಲ್ಲ ಕರಗುವುದು ಅಲ್ಲೇ. ನನ್ನ ಹತ್ತಿರ ಇರುವ ಯಾವ ಸ್ಯಾಂಡರ್ರೂ ಆ ಸಂದಿಗೆ ಇಳಿಯುವುದಿಲ್ಲ. ಜಿಗ್‌ಸಾ, ಅಂದರೆ ಸಣ್ಣ ಬ್ಲೇಡ್ ಮೇಲೆ ಕೆಳಗೆ ಓಡುವ ಕರೆಂಟ್ ಗರಗಸ, ಅದರ ಬ್ಲೇಡ್ ಇಳಿಯುತ್ತದೆ. ಹಲ್ಲಿನ ಜಾಗದಲ್ಲಿ ಮರ ಉಜ್ಜುವ ಎಮರಿ ಇದ್ದರೆ ಆಯ್ತಲ್ವಾ? "ಗರಗಸದಲ್ಲಿ ಪಾಲಿಶ್ ಮಾಡ್ತಾನಂತೆ!" ಅಂತ ಜೊತೆಯವರೆಲ್ಲ ನಕ್ಕರು.

ಮೊದಲು ಹಳೆ ಬ್ಲೇಡಿನ ಹಲ್ಲು ಗ್ರೈಂಡರ್‌ನಲ್ಲಿ ತೆಗೆದು, ಎಪಾಕ್ಸಿ ಹಾಕಿ ಪ್ಲೈವುಡ್ ತುಂಡು ಅಂಟಿಸಿದೆ. ಮಷಿನ್ ಕೈಯಲ್ಲಿ ನಿಲ್ಲದಷ್ಟು ಅದುರಿತು. ನಿಮಿಷಕ್ಕೆ ಎರಡು ಸಾವಿರ ಸಲ ಮೇಲೆ ಕೆಳಗೆ ಓಡುವಾಗ ತುದಿಯಲ್ಲಿ ಭಾರ ಇದ್ದರೆ ಇನ್ನೇನಾಗುತ್ತೆ? ಬಿಸಿಗೆ ಅಂಟು ಮೆತ್ತಗಾಗಿ ತುಂಡು ಹಾರಿ ಗೋಡೆಗೆ ಬಡಿಯಿತು. ವೆಲ್ಕ್ರೋ ಹಾಕಿದೆ, ಅದರ ಕೊಕ್ಕೆಗಳೇ ಕರಗಿದವು. ಎಲ್ಲ ಸೇರಿ ಏಳೆಂಟು ನೂರು ರೂಪಾಯಿ ಹೋಯ್ತು. ಮನೆಯಲ್ಲಿ ಲೆಕ್ಕ ಕೇಳಲಿಲ್ಲ, ಪುಣ್ಯ.

ನಡುವೆ ಸುಮ್ನೆ 4 ಇಂಚಿನ ಕಟ್ಟರ್ ಮಷಿನ್‌ಗೆ ಎಮರಿ ಡಿಸ್ಕ್ ಹಾಕಿಯೂ ನೋಡಿದೆ. ನಿಮಿಷಕ್ಕೆ ಹತ್ತಿರ ಹತ್ತಿರ 12 ಸಾವಿರ ಸುತ್ತು. ತೇಗ ಮುಟ್ಟಿದ ಕಡೆಯೆಲ್ಲ ಕಪ್ಪಗೆ ಸುಟ್ಟಿತು. ಡಿಸ್ಕ್ ಹರಿದರೆ ಮುಖಕ್ಕೇ ಬರುತ್ತದೆ, ಆ ದಾರಿ ಬೇಡವೇ ಬೇಡ.

ಕೊನೆಗೆ ಕೈ ಹಿಡಿದದ್ದು ರಿವಿಟ್, ಎರಡು ತಗಡು ಸೇರಿಸಿ ಹೊಡೆಯುವ ಲೋಹದ ಮೊಳೆ. ಮರ ಕೊಯ್ಯುವ ಬ್ಲೇಡನ್ನೇ ತಗೊಳ್ಳಿ, ಕಬ್ಬಿಣ ಕೊಯ್ಯುವುದು ತುಂಬಾ ಗಡಸು. ಮಷಿನ್‌ಗೆ ಸಿಕ್ಕಿಸುವ ಮೇಲಿನ ಟಿ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ, ಕೆಳಗಿನದನ್ನು ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿದೆ. ನೀರಿಗೆ ಅದ್ದದೆ ತಾನಾಗಿ ಆರಲು ಬಿಟ್ಟೆ. ಆಮೇಲೆ ಡ್ರಿಲ್ ಬಿಟ್ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅರ್ಧ ಇಂಚು ಅಗಲದ ಅಲ್ಯೂಮಿನಿಯಂ ಪಟ್ಟಿ ಇಟ್ಟು ಎರಡು ರಿವಿಟ್ ಹೊಡೆದೆ, ತಲೆ ಪಟ್ಟಿಯೊಳಗೇ ಕೂರುವ ಹಾಗೆ. ಬ್ಲೇಡ್ ಪೂರ್ತಿ ಕೆಳಗಿದ್ದಾಗ ಮಷಿನ್ ಅಡಿಯ ಬೇಸ್ ಪ್ಲೇಟಿಗೂ ಪಟ್ಟಿಗೂ ನಡುವೆ ಇಂಚಿನಷ್ಟು ಜಾಗ ಇರಲೇಬೇಕು. ಬ್ಲೇಡ್ ಮೇಲೆ ಕೆಳಗೆ ಓಡುವ ದೂರವೇ 20 ಎಂಎಂ ಹತ್ತಿರ ಇರುತ್ತೆ, ಇಲ್ಲದಿದ್ದರೆ ಬಡಿಯುತ್ತದೆ.

ಕಾಗದದ ಎಮರಿ ಹರಿಯುತ್ತದೆ. ಬೆಲ್ಟ್ ಸ್ಯಾಂಡರ್‌ನ ಹಳೆ ಬೆಲ್ಟ್ ಕತ್ತರಿಸಿ ಅಂಟಿಸಿ, ಮೊದಲು 120 ನಂಬರಿನ ಒರಟು, ಆಮೇಲೆ 180ರ ನಯ. ಯಾವ ಅಂಟು, ಎಷ್ಟು ಹೊತ್ತು ಬಿಟ್ಟು ಒತ್ತಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಅಷ್ಟು ದುಡ್ಡು ಕಳೆದಿದ್ದೇನಲ್ಲ! ಬ್ಲೇಡನ್ನು ಹಿಂದೆ ಮುಂದೆ ತೂಗುವ ಆರ್ಬಿಟ್ ಸೊನ್ನೆ, ವೇಗದ ಡಯಲ್ ಎರಡು, ಕೈ ಹಗುರ. ಒತ್ತಿದರೆ ಪಟ್ಟಿ ಬಾಗುತ್ತದೆ.

ಒಂದೂವರೆ ದಿನ ಹಿಡಿಯುತ್ತಿದ್ದ ಬಾಗಿಲು ಈಗ ಊಟದ ಹೊತ್ತಿಗೆ ಮುಗಿಯುತ್ತದೆ. ನಕ್ಕವರ ಜಾಲಿಯೂ ನನ್ನ ಬೆಂಚಿಗೇ ಬರುತ್ತಿದೆ, ಬಾಗಿಲಿಗೆ ಮುನ್ನೂರು ತಗೊಳ್ತೀನಿ. ಗಂಟೆ ಕಟ್ಟುವ ಗುಂಡು ತೂತಿಗೆ ಅಂತ ಪಟ್ಟಿಯ ಬದಲು ಉದ್ದಕ್ಕೆ ಸೀಳಿದ ಪಿವಿಸಿ ಪೈಪ್ ಹಾಕಿದ್ದೇನೆ. ನಡೆಯುತ್ತಿದೆ, ಆದರೆ ಡಯಲ್ ಒಂದು ದಾಟಿದರೆ ಪ್ಲಾಸ್ಟಿಕ್ ಸುಟ್ಟ ವಾಸನೆ.