ಹಸಿ ಕಸದ ಬಕೆಟ್ಟನ್ನು ಗೊಬ್ಬರದ ಗಾಡಿಗೆ ಕೊಡುವ ಮುನ್ನ

ಅಡುಗೆಮನೆಯ ಹಸಿ ಕಸವನ್ನು ಗೊಬ್ಬರ ಮಾಡಲು ಮನೆಬಾಗಿಲಿಗೇ ಬಂದು ಒಯ್ಯುವ ಏರ್ಪಾಡು ನಿಮ್ಮ ಬೀದಿಯಲ್ಲೂ ಇದ್ದರೆ, ಅದು ಪಾಲಿಕೆಯ ಗಾಡಿಯಾಗಿರಲಿ, ಬಡಾವಣೆಯವರೆಲ್ಲ ಸೇರಿ ತಿಂಗಳ ಹಣ ಕೊಟ್ಟು ಗೊತ್ತುಮಾಡಿಕೊಂಡ ಸೇವೆಯಾಗಿರಲಿ, ಅದನ್ನು ಮನಸ್ಸಿಟ್ಟು ಬಳಸಿಕೊಳ್ಳಿ ಎಂದು ಮೊದಲೇ ಹೇಳಿಬಿಡುತ್ತೇನೆ. ಗಾಡಿಗೆ ಬಕೆಟ್ಟು ಸುರಿದೊಡನೆ ತಮ್ಮ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಆದರೆ ಆ ಕಸ ಹೊಲಕ್ಕೆ ಹೋಗುವ ಗೊಬ್ಬರವಾಗುವುದೋ, ಊರಾಚೆ ನಾರುವ ರಾಡಿಯಾಗುವುದೋ ಎಂಬುದು ಬಹುಮಟ್ಟಿಗೆ ನಮ್ಮ ಅಡುಗೆಕಟ್ಟೆಯ ಮೇಲೆಯೇ ತೀರ್ಮಾನವಾಗಿರುತ್ತದೆ. ಅದನ್ನು ಕೆಡಿಸುವವು ಎರಡು: ಬಕೆಟ್ಟಿನ ತಳದಲ್ಲಿ ನಿಂತ ನೀರು, ಮತ್ತು ಕಣ್ಣಿಗೆ ಬೀಳದಷ್ಟು ಸಣ್ಣ ಪ್ಲಾಸ್ಟಿಕ್ ಚೂರು. ಈ ಎರಡನ್ನೂ ಮನೆಯೊಳಗೇ ತಡೆಯಬೇಕು. ಗಾಡಿ ಹತ್ತಿದ ಮೇಲೆ ಯಾರಿಂದಲೂ ಆಗದು.

ಕಸವನ್ನು ಬಂದು ಒಯ್ಯುವ ರೂಢಿ ನಮ್ಮ ಕಡೆಗೆ ಹೊಸದೇನಲ್ಲ. ದಾವಣಗೆರೆಯ ಹಳೆಯ ಮನೆಗಳಲ್ಲಿ ಹಿತ್ತಲ ಬಾಗಿಲ ಬಳಿ ಕಲಗಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಅದಕ್ಕೆ ಸೇರುತ್ತಿದ್ದವು. ಎಮ್ಮೆ ಸಾಕಿದವರು ಬಂದು ಒಯ್ಯುತ್ತಿದ್ದರು. ಉಳಿದ ಎಲೆ, ಒಲೆಯ ಬೂದಿ, ಸೆಗಣಿ, ಕಸಕಡ್ಡಿಗಳು ತಿಪ್ಪೆ ಸೇರಿ, ಬೇಸಿಗೆ ಕಳೆಯುವಷ್ಟರಲ್ಲಿ ಹೊಲದ ಪಾಲಾಗುತ್ತಿದ್ದವು. ಆ ಕಸದಲ್ಲಿ ಕೊಳೆಯದ ವಸ್ತು ಇರುತ್ತಿದ್ದುದೇ ಅಪರೂಪವಾದ್ದರಿಂದ ಬೇರ್ಪಡಿಸುವ ಪ್ರಶ್ನೆಯೂ ಏಳುತ್ತಿರಲಿಲ್ಲ. ಈಗ ಹಾಗಿಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರು ಬಗೆ ಮಾಡಿ, ಬೇರ್ಪಡಿಸಿ ಕೊಡುವ ಹೊಣೆಯನ್ನು ಮನೆಯವರ ಮೇಲೆಯೇ ಹೊರಿಸಿದವು. ಹಸಿರು ಬುಟ್ಟಿ ಹಸಿ ಕಸಕ್ಕೆ, ನೀಲಿ ಬುಟ್ಟಿ ಒಣ ಕಸಕ್ಕೆ ಎಂಬುದು ಈಗ ಮಕ್ಕಳಿಗೂ ಗೊತ್ತು. ಹಳಸಿದ್ದನ್ನು ಗಾಡಿಗೆ ಕೊಡುವ ಬದಲು ಬೀದಿಯ ಹಸುವಿಗೆ ಹಾಕಿದರೆ ಪುಣ್ಯ ಬರುತ್ತದೆಂದು ನಂಬಿದವರು ಇನ್ನೂ ಇದ್ದಾರೆ. ಅವರಿಗೆ ಒಂದು ಮಾತು ಹೇಳಲೇಬೇಕು. ಬೇಯಿಸಿದ ಅನ್ನ, ಪಾಯಸ, ಹೋಳಿಗೆಗಳನ್ನು ಒಮ್ಮೆಲೇ ಹೆಚ್ಚಾಗಿ ತಿಂದ ದನದ ಹೊಟ್ಟೆಯಲ್ಲಿ ಆಮ್ಲ ಏರಿ, ಮೆಲುಕು ನಿಂತು, ಪ್ರಾಣಕ್ಕೇ ಕುತ್ತು ಬರುವುದುಂಟು. ಅದನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದರಂತೂ ಚೀಲವೂ ಹೊಟ್ಟೆ ಸೇರುತ್ತದೆ.

ಇನ್ನು ನೀರಿನ ವಿಚಾರ. ತರಕಾರಿ ಸಿಪ್ಪೆಯಲ್ಲಿ, ಸೊಪ್ಪಿನ ದಂಟಿನಲ್ಲಿ ತೂಕದ ಮುಕ್ಕಾಲಿಗೂ ಹೆಚ್ಚು ಪಾಲು ನೀರೇ ಇರುತ್ತದೆ. ಗೊಬ್ಬರದ ರಾಶಿಗೆ ಬೇಕಾದ ತೇವಾಂಶ ಶೇಕಡಾ 50ರಿಂದ 60 ಮಾತ್ರ. ಇದರ ಮೇಲೆ ನಾವು ಸಾರು, ಮಜ್ಜಿಗೆ, ಪಾತ್ರೆ ತೊಳೆದ ನೀರನ್ನೂ ಸುರಿದರೆ ಕಸದ ಸಂದುಗಳಲ್ಲಿರುವ ಗಾಳಿ ಹೊರಬಿದ್ದು ಆ ಜಾಗವನ್ನು ನೀರು ತುಂಬಿಕೊಳ್ಳುತ್ತದೆ. ಗಾಳಿ ಇರುವಲ್ಲಿ ಬದುಕುವ ಸೂಕ್ಷ್ಮಜೀವಿಗಳು ಸತ್ತು, ಗಾಳಿ ಇಲ್ಲದಲ್ಲಿ ಹೆಚ್ಚುವವು ಮೇಲುಗೈ ಪಡೆಯುತ್ತವೆ. ಹುಳಿ ನಾತ, ಕೊಳೆತ ಮೊಟ್ಟೆಯ ವಾಸನೆ ಹುಟ್ಟುವುದು ಅಲ್ಲಿಂದಲೇ. ಹೀಗೆ ಗಾಳಿಯಾಡದೆ ಕೊಳೆತ ಕಸದಿಂದ ಮೀಥೇನ್ ಎಂಬ ಅನಿಲವೂ ಹೊರಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆಂದು ಹವಾಮಾನ ತಜ್ಞರು ಹೇಳುತ್ತಾರೆ. ಆದ್ದರಿಂದ ಉಳಿದ ಸಾಂಬಾರನ್ನು ಬಕೆಟ್ಟಿಗೆ ನೇರವಾಗಿ ಸುರಿಯಬೇಡಿ. ಸಿಂಕಿನ ಮೂಲೆಯಲ್ಲಿ ತೂತಿನ ಸ್ಟೀಲ್ ಬುಟ್ಟಿಯೊಂದನ್ನು ಇಟ್ಟು, ಅದರಲ್ಲಿ ಬಸಿದು, ಹೋಳುಗಳನ್ನು ಮಾತ್ರ ಹಾಕಿ. ಚಹಾದ ಚರಟವನ್ನು ಸೋಸುಬಟ್ಟಲಲ್ಲೇ ಒತ್ತಿ ಹಿಂಡಿ. ಕಲ್ಲಂಗಡಿ ಸಿಪ್ಪೆಯನ್ನು ಅಂಗೈ ಅಗಲದ ಹೋಳುಗಳಾಗಿ ಕತ್ತರಿಸಿ ಬಿಸಿಲಲ್ಲಿ ಒಂದಿಷ್ಟು ಬಾಡಿಸಿದರೆ ಬಕೆಟ್ಟಿನಲ್ಲಿ ಜಾಗವೂ ಉಳಿಯುತ್ತದೆ.

ಬಕೆಟ್ಟಿನ ತಳಕ್ಕೆ ಪ್ಲಾಸ್ಟಿಕ್ ಚೀಲ ಹಾಸುವ ಅಭ್ಯಾಸವನ್ನು ಬಿಡಬೇಕು. ಹಳೆಯ ದಿನಪತ್ರಿಕೆಯ ಎರಡು ಹಾಳೆಗಳನ್ನು ಅಡ್ಡ ಒಂದು, ಉದ್ದ ಒಂದು ಇಟ್ಟು, ಅಂಚುಗಳು ಬಕೆಟ್ಟಿನ ಬಾಯಿಯವರೆಗೆ ಏಳುವಂತೆ ಮೂಲೆಗಳನ್ನು ಒಳಗೆ ಮಡಿಸಿ ಕೂರಿಸಿದರೆ ತಳ ಅಂಟುವುದಿಲ್ಲ. ಗಾಡಿಯವರು ಬಗ್ಗಿಸಿದಾಗ ಇಡೀ ಕಸ ಒಂದೇ ಸಲಕ್ಕೆ ಜಾರಿ ಬೀಳುತ್ತದೆ. ಆ ಕಾಗದದ ಮೇಲೆ ಒಂದು ಹಿಡಿ ಒಣ ಪದಾರ್ಥ ಹರಡಿ, ದಿನವೂ ಕಸ ಹಾಕಿದ ಮೇಲೆ ಇನ್ನೊಂದು ಹಿಡಿ ಉದುರಿಸಿ. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಅದೃಷ್ಟವಂತರು. ಭದ್ರಾ ನಾಲೆಯ ಭತ್ತ ಗಿರಣಿಗೆ ಬರುವ ಊರಲ್ಲಿ ಹೊಟ್ಟಿಗೆ ಬರವಿಲ್ಲ. ಚನ್ನಗಿರಿ ಕಡೆಯಿಂದ ಅಡಿಕೆ ಸಿಪ್ಪೆ, ಸುತ್ತಲ ಹಳ್ಳಿಗಳಿಂದ ಮೆಕ್ಕೆಜೋಳದ ತೆನೆಯ ಒಣ ಸಿಪ್ಪೆ, ಸಾ ಮಿಲ್ಲುಗಳಿಂದ ಮರದ ಹೊಟ್ಟು ದೊರೆಯುತ್ತವೆ. ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಇದ್ದರೆ ಹಿತ. ಅಡುಗೆಮನೆಯ ಕಸದಲ್ಲಿ ಇಂಗಾಲ ಅದಕ್ಕಿಂತ ಕಡಿಮೆ. ಒಣ ಎಲೆ, ಹೊಟ್ಟುಗಳಲ್ಲಿ ಹೆಚ್ಚು. ಎರಡೂ ಕೂಡಿದಾಗ ಸರಿದೂಗುತ್ತದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಬೇಗ ಕೊಳೆಯುವುದಿಲ್ಲ, ಆದರೆ ರಾಶಿಯನ್ನು ಸಡಿಲವಾಗಿಟ್ಟು ಗಾಳಿಯಾಡಿಸುತ್ತದೆ. ಹೊಟ್ಟನ್ನೂ ಒಣ ಎಲೆಯನ್ನೂ ಬೆರೆಸಿ ಬಳಸುವುದು ಉತ್ತಮವೆಂಬುದು ನನ್ನ ಅನುಭವ. ಬೂದಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ಬೂದಿ ಸುಲಭವಾಗಿ ಸಿಕ್ಕರೂ ಯಾವ ಉರುವಲಿನದೆಂದು ತಿಳಿಯದ ಬೂದಿಯನ್ನು ಹಾಕಬಾರದು. ಶುದ್ಧ ಹೊಟ್ಟಿನ ಬೂದಿಯೂ ಕ್ಷಾರಗುಣದ್ದಾದ್ದರಿಂದ ಹೆಚ್ಚಾದರೆ ಸಾರಜನಕವೆಲ್ಲ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಪ್ಲಾಸ್ಟಿಕ್ ಎಂದೊಡನೆ ಎಲ್ಲರೂ ಚೀಲವನ್ನೇ ನೆನೆಯುತ್ತಾರೆ. ಚೀಲ ದೊಡ್ಡದು, ಗಾಡಿಯವರ ಕಣ್ಣಿಗೆ ಬೀಳುತ್ತದೆ, ಎತ್ತಿ ಹೊರಗೆ ಹಾಕುತ್ತಾರೆ. ನಿಜವಾದ ಕಾಟ ಕಿರುಬೆರಳ ಉಗುರಿನಷ್ಟಿರುವ ಚೂರುಗಳದು. ಬೆಳಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತೇವೆ. ಆ ತ್ರಿಕೋನದ ಚೂರು ಕಟ್ಟೆಯ ಮೇಲೆ ಬಿದ್ದು, ಮಧ್ಯಾಹ್ನ ಬದನೆಕಾಯಿ ತೊಟ್ಟಿನೊಡನೆ ಒರೆಸಿಕೊಂಡು ಬಕೆಟ್ಟಿಗೆ ಹೋಗುತ್ತದೆ. ಗೊಬ್ಬರವನ್ನು ಜರಡಿ ಹಿಡಿಯುವಾಗಲೂ ಅದು ಸುರುಳಿ ಸುತ್ತಿಕೊಂಡು ಕಣ್ಣುಗಳಿಂದ ಇಳಿದುಬಿಡುತ್ತದೆ. ಮೂಲೆಯನ್ನು ಪೂರ್ತಿ ತುಂಡರಿಸದೆ, ಒಂದು ಅಂಚು ಪ್ಯಾಕೆಟ್ಟಿಗೇ ಹತ್ತಿಕೊಂಡಿರುವಂತೆ ಸೀಳಿದರೆ ಈ ತೊಂದರೆಯೇ ಇಲ್ಲ. ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಒಣ ಕಸಕ್ಕೆ ಹಾಕಬಹುದು. ಹಾಗೆಯೇ ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್, ಸೇಬಿನ ಮೇಲಿನ ಸ್ಟಿಕ್ಕರ್, ಊಟದ ಎಲೆಗೆ ಚುಚ್ಚಿದ ಸ್ಟೇಪಲ್ ಪಿನ್, ಚಹಾ ಪುಡಿಯ ಸಣ್ಣ ಚೀಲದ ದಾರ ಮತ್ತು ಚೀಟಿ, ಶಾಂಪೂ ಸ್ಯಾಶೆಯ ಹರಿದ ತುದಿ, ಇವೆಲ್ಲ ಕಟ್ಟೆಯ ಮೇಲಿರುವಾಗಲೇ ಬೇರೆಯಾಗಬೇಕು. ದೇವರ ಹೂವಿನ ಮಾಲೆಯನ್ನು ನೈಲಾನ್ ದಾರದಲ್ಲಿ ಕಟ್ಟಿದ್ದರೆ ದಾರವನ್ನು ಎಳೆದು ತೆಗೆದು ಹೂವನ್ನು ಮಾತ್ರ ಹಾಕಿ. ಬಾಳೆನಾರಿನಲ್ಲಿ ಕಟ್ಟಿದ್ದು ಹಾಗೆಯೇ ಹೋಗಬಹುದು. ಕೊಳೆಯುವ ಚೀಲವೆಂದು ಅಂಗಡಿಯಲ್ಲಿ ಮಾರುವವೂ ದೊಡ್ಡ ಘಟಕದ ಹೆಚ್ಚಿನ ಶಾಖದಲ್ಲಿ ಮಾತ್ರ ಸರಿಯಾಗಿ ಕರಗುತ್ತವೆ. ನಿಮ್ಮ ಸೇವೆಯವರು ಒಪ್ಪಿದರೆ ಮಾತ್ರ ಅವನ್ನು ಬಳಸಿ.

ಯಾವುದು ಹೋಗಬೇಕು, ಯಾವುದು ಬೇಡ ಎಂಬುದರಲ್ಲಿ ಬಹುಪಾಲು ಸ್ವಯಂವೇದ್ಯ. ಈರುಳ್ಳಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಮುರಿದ ರೊಟ್ಟಿ, ದೋಸೆಯೊಡನೆ ಉಳಿದ ಪಲ್ಯ ಮತ್ತು ಚಟ್ನಿ, ಪುಡಿ ಮಾಡಿದ ಮೊಟ್ಟೆಯ ಓಡು ಎಲ್ಲವೂ ಆಗಬಹುದು. ತೆಂಗಿನ ಕರಟ, ಎಳನೀರಿನ ಬುರುಡೆ, ಮಾವಿನ ಓಟೆಗಳು ಕೊಳೆಯುತ್ತವಾದರೂ ತೀರ ನಿಧಾನ. ಕತ್ತರಿಸುವ ಯಂತ್ರವಿಲ್ಲದ ಘಟಕಕ್ಕೆ ಅವು ಹೊರೆ, ಆದ್ದರಿಂದ ಬೇರೆಯಾಗಿ ಇಟ್ಟು ಕೇಳಿ ಕೊಡಿ. ಮಾಂಸ, ಮೀನು ಬಳಸುವ ಮನೆಯವರು ಮೂಳೆ ಮತ್ತು ಮುಳ್ಳುಗಳ ವಿಷಯವನ್ನು ಮೊದಲೇ ವಿಚಾರಿಸಬೇಕು. ದೊಡ್ಡ ರಾಶಿಯಲ್ಲಿ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ರೋಗಾಣುಗಳೂ ಕಳೆಯ ಬೀಜಗಳೂ ನಾಶವಾಗುತ್ತವೆ. ಮನೆಯ ಮಡಕೆ ಗೊಬ್ಬರದಲ್ಲಿ ಅಷ್ಟು ಶಾಖ ಹುಟ್ಟುವುದು ಕಷ್ಟ. ಘಟಕಕ್ಕೆ ಕೊಡುವುದರ ದೊಡ್ಡ ಲಾಭ ಇದೇ. ಮಿರ್ಚಿ ಕರಿದ ಎಣ್ಣೆಯನ್ನು ಬಕೆಟ್ಟಿಗೂ ಮೋರಿಗೂ ಸುರಿಯಬೇಡಿ. ಅದು ಕಸದ ಮೇಲೆ ಪೊರೆಯಂತೆ ಹರಡಿ ಗಾಳಿ ತಡೆಯುತ್ತದೆ. ಬಾಟಲಿಯಲ್ಲಿ ಕೂಡಿಟ್ಟು, ಬಳಸಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಳ್ಳುವವರು ಸಿಕ್ಕಾಗ ಕೊಡಿ. ಸ್ಯಾನಿಟರಿ ಪ್ಯಾಡು, ಮಕ್ಕಳ ಡೈಪರ್, ಔಷಧಿ, ಬ್ಲೇಡುಗಳು ಕಾಗದದಲ್ಲಿ ಸುತ್ತಿ ಗುರುತು ಹಾಕಿ ಬೇರೆಯೇ ಹೋಗಬೇಕು. ಮನೆ ಗುಡಿಸಿದ ಧೂಳು, ಕೂದಲು, ಸೊಳ್ಳೆಬತ್ತಿಯ ಬೂದಿಗಳಿಗೂ ಹಸಿ ಬಕೆಟ್ಟಿನಲ್ಲಿ ಸ್ಥಾನವಿಲ್ಲ.

ಬೇಸಿಗೆಯಲ್ಲಿ ನಮ್ಮ ಊರಿನ ಬಿಸಿಲಿಗೆ ಬೆಳಗ್ಗೆ ಹಾಕಿದ ಸಿಪ್ಪೆ ಸಂಜೆಗೇ ಹುಳಿಯುತ್ತದೆ. ಬಕೆಟ್ಟನ್ನು ಒಲೆಯಿಂದ ದೂರ, ನೆರಳಿನಲ್ಲಿ, ಮುಚ್ಚಳ ಹಾಕಿ ಇಡಿ. ಗಾಡಿ ದಿನ ಬಿಟ್ಟು ದಿನ ಬರುವುದಾದರೆ ಹಣ್ಣಿನ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಹಾಕುವುದು ಮೇಲು, ಏಕೆಂದರೆ ಸಣ್ಣ ಹಣ್ಣುನೊಣಗಳು ಮೊಟ್ಟೆ ಇಡುವುದು ಅದರ ಮೇಲೆಯೇ. ಹುಳ ಕಂಡಿತೆಂದು ಫಿನಾಯಿಲ್, ಬ್ಲೀಚಿಂಗ್ ಪುಡಿ ಹಾಕುವವರಿದ್ದಾರೆ. ಅದು ಗೊಬ್ಬರ ಮಾಡಬೇಕಾದ ಜೀವಿಗಳನ್ನೇ ಕೊಲ್ಲುತ್ತದೆ. ಒಣ ಹೊಟ್ಟು ಹೆಚ್ಚಿಸಿದರೆ ಹುಳ ತಾನಾಗಿ ಕಡಿಮೆಯಾಗುತ್ತದೆ. ಖಾಲಿ ಬಕೆಟ್ಟನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿ, ಒಣಗಿದ ಮೇಲೆಯೇ ಮತ್ತೆ ಕಾಗದ ಹಾಸಿ.

ತಿಂಗಳ ಹಣ ಕೊಟ್ಟು ಸೇವೆಗೆ ಸೇರುವವರು ಮೊದಲು ಕೆಲವು ವಿಷಯಗಳನ್ನು ಬಾಯಿಬಿಟ್ಟು ಕೇಳಿ ತಿಳಿಯಬೇಕು. ಕಸ ಎಲ್ಲಿಗೆ ಹೋಗುತ್ತದೆ, ಅಲ್ಲಿ ರಾಶಿಯನ್ನು ಎಷ್ಟು ದಿನಕ್ಕೊಮ್ಮೆ ತಿರುವುತ್ತಾರೆ, ಬೇಯಿಸಿದ ಆಹಾರ ಒಪ್ಪುತ್ತಾರೆಯೇ, ಹಬ್ಬದ ಮರುದಿನ ಬರುತ್ತಾರೆಯೇ, ಗೊಬ್ಬರದಲ್ಲಿ ನಮಗೂ ಪಾಲುಂಟೇ ಎಂಬ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸುವವರನ್ನೇ ಆರಿಸಿ. ಸಾಧ್ಯವಾದರೆ ನಾಲ್ಕು ಮನೆಯವರು ಸೇರಿ ಒಮ್ಮೆ ಘಟಕಕ್ಕೆ ಹೋಗಿ ನೋಡಿ ಬನ್ನಿ. ಚೆನ್ನಾಗಿ ನಡೆಯುವ ಗೊಬ್ಬರದ ಅಂಗಳದಲ್ಲಿ ಮೂಗು ಮುಚ್ಚಿಕೊಳ್ಳಬೇಕಾಗುವುದಿಲ್ಲ. ಬಕೆಟ್ಟು ಎತ್ತುವವರ ಬಗ್ಗೆಯೂ ಕಾಳಜಿ ಇರಲಿ. ಒಡೆದ ಗಾಜು ಸಿಪ್ಪೆಯ ನಡುವೆ ಅಡಗಿದ್ದರೆ ಕೈಗವಸು ತೊಟ್ಟ ಕೈಯನ್ನೂ ಕುಯ್ಯುತ್ತದೆ. ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನವೆಂದು ಸನ್ಮಾನಿಸುತ್ತೇವೆ; ಕಸವನ್ನು ಬೇರ್ಪಡಿಸಿ ಕೊಟ್ಟರೆ ಅವರ ದುಡಿಮೆ ವರ್ಷವಿಡೀ ಹಗುರಾಗುತ್ತದೆ.

ಗೌರಿ–ಗಣೇಶ, ದಸರಾ, ಯುಗಾದಿಗಳಲ್ಲಿ ಬಾಳೆಕಂದು, ಮಾವಿನ ತೋರಣ, ಚೆಂಡುಹೂವುಗಳ ರಾಶಿ ಬೀಳುತ್ತದೆ. ಬಾಳೆಕಂದನ್ನು ಗೇಣುದ್ದ ಕತ್ತರಿಸಿ, ಊಟದ ಎಲೆಗಳನ್ನು ಹರಿದು, ಮುಂಚಿತವಾಗಿ ತಿಳಿಸಿ ಕೊಡಿ. ಗಣಪನ ಮಂಟಪದ ಥರ್ಮೋಕೋಲ್, ಜರಿಕಾಗದಗಳು ಹೂವಿನೊಡನೆ ಸೇರಬಾರದು.

ಕೊನೆಗೆ, ತಿರುಗಿ ಬರುವ ಗೊಬ್ಬರವನ್ನು ತಪ್ಪದೆ ಕೇಳಿ ಪಡೆಯಿರಿ. ನಮ್ಮ ಕಸದ ಗುಣ ನಮಗೆ ತಿಳಿಯುವುದು ಅದರಲ್ಲಿಯೇ. ಚೀಲದೊಳಗೆ ಕೈಯಿಟ್ಟಾಗ ಬಿಸಿ ತಾಗಿದರೆ ಅದಿನ್ನೂ ಪಕ್ವವಾಗಿಲ್ಲ. ನೆರಳಿನಲ್ಲಿ ಹರಡಿ ಎರಡು ಮೂರು ವಾರ ಬಿಡಿ. ಹಿಡಿ ತುಂಬ ತೆಗೆದು ಬಿಗಿಯಾಗಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಕೈ ತೆರೆದಾಗ ಉಂಡೆ ನಿಂತು, ಬೆರಳಿಂದ ತಟ್ಟಿದೊಡನೆ ಉದುರಬೇಕು. ಬಣ್ಣ ಕಪ್ಪುಮಿಶ್ರಿತ ಕಂದು, ವಾಸನೆ ಮೊದಲ ಮಳೆಯ ಮಣ್ಣಿನದು. ಮಾರಾಟಕ್ಕೆ ಬರುವ ನಗರ ಗೊಬ್ಬರದಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ 20ಕ್ಕಿಂತ ಕಡಿಮೆ ಇರಬೇಕೆಂದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡ ಹೇಳುತ್ತದೆ. ಮನೆಯಲ್ಲಿ ಅದನ್ನು ಅಳೆಯಲಾಗದು, ಆದರೆ ಮೆಂತ್ಯದಿಂದ ಪರೀಕ್ಷಿಸಬಹುದು. ಒಂದು ಬಟ್ಟಲಿಗೆ ಬರಿ ಮಣ್ಣು, ಇನ್ನೊಂದಕ್ಕೆ ಅದೇ ಮಣ್ಣಿನೊಡನೆ ಕಾಲು ಭಾಗ ಗೊಬ್ಬರ ಹಾಕಿ, ಎರಡಕ್ಕೂ ಸಮನಾಗಿ ಮೆಂತ್ಯದ ಕಾಳು ಬಿತ್ತಿ. ಗೊಬ್ಬರದ ಬಟ್ಟಲಲ್ಲಿ ಮೊಳಕೆ ಹಿಂದೆ ಬಿದ್ದರೆ, ಅಥವಾ ಎಳೆಯ ಎಲೆಗಳು ಹಳದಿಯಾದರೆ, ಗೊಬ್ಬರ ಇನ್ನೂ ಕಾಯಬೇಕು.

ಕುಂಡ ತುಂಬುವಾಗ ಮಣ್ಣು ಮೂರು ಪಾಲಾದರೆ ಗೊಬ್ಬರ ಒಂದು ಪಾಲು ಸಾಕು. ಬೆಳೆದ ಕರಿಬೇವು, ದಾಸವಾಳ, ಮಲ್ಲಿಗೆಗಳಿಗೆ ತಿಂಗಳಿಗೊಮ್ಮೆ ಎರಡು ಹಿಡಿಯಷ್ಟನ್ನು ಕಾಂಡಕ್ಕೆ ತಾಗದಂತೆ ಸುತ್ತ ಹಾಕಿ, ಮೇಲ್ಮಣ್ಣು ಕೆದಕಿ ಬೆರೆಸಿ ನೀರುಣಿಸಿ. ಉಳಿದದ್ದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚದೆ, ಗೋಣಿಚೀಲದಲ್ಲಿ ಹಾಕಿ ನೆರಳಿನಲ್ಲಿಟ್ಟು ಆಗಾಗ ನೀರು ಚಿಮುಕಿಸಿದರೆ ಮುಂದಿನ ಬಿತ್ತನೆಯವರೆಗೂ ಅದರ ಜೀವ ಉಳಿದಿರುತ್ತದೆ.