ಹಳೆಯ ಸಿನಿಮಾದ ಒಡವೆಗಳನ್ನು ನಾನು ಮರಳಿ ಕಟ್ಟುವ ಬಗೆ

ನಾಟಕ, ಕಿರುಚಿತ್ರ, ಫೋಟೊ ಚಿತ್ರೀಕರಣಗಳಿಗೆ ಕೃತಕ ಒಡವೆ ಮಾಡಿಕೊಡುವುದು ನನ್ನ ಕೆಲಸ. ಅದರಲ್ಲಿ ದೊಡ್ಡ ಪಾಲು 1930ರಿಂದ 1960ರ ದಶಕದವರೆಗಿನ ಹಾಲಿವುಡ್ ಚಿತ್ರಗಳಲ್ಲಿ ನಾಯಕಿಯರು ತೊಟ್ಟ ಒಡವೆಗಳ ಮರುಸೃಷ್ಟಿ. ಬರುವವರೆಲ್ಲ ಮೊದಲು ಹೇಳುವ ಮಾತು, ‘ಅಸಲಿನ ಹಾಗೇ ಇರಬೇಕು’ ಎಂದು. ಆ ಅಸಲುಗಳಲ್ಲಿ ಹೆಚ್ಚಿನವು ಗಾಜು, ಹಿತ್ತಾಳೆ, ಬಣ್ಣದ ಲೇಪದಲ್ಲಿ ಮಾಡಿದ್ದವು ಎಂದರೆ ಅವರಿಗೆ ನಿರಾಸೆಯಾಗುತ್ತದೆ. ನನಗೆ ಅದೇ ಖುಷಿಯ ಸಂಗತಿ. ಆ ಒಡವೆಗಳನ್ನು ಮಾಡಿದವರು ಕೈಗೆ ಸಿಗುವ ವಸ್ತುವಿಗಿಂತ ಕ್ಯಾಮೆರಾ ಮುಂದೆ ಬೆಳಕು ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಹೆಚ್ಚು ತಲೆ ಕೊಟ್ಟಿದ್ದರು. ಅವರ ಲೆಕ್ಕಾಚಾರ ಹಿಡಿದರೆ ಒಡವೆ ತಾನಾಗಿ ಹತ್ತಿರ ಬರುತ್ತದೆ.

ಇಕ್ಕಳ ಹಿಡಿಯುವ ಮುನ್ನ ಒಂದು ವಿಷಯ ಖಚಿತಪಡಿಸಿಕೊಳ್ಳುತ್ತೇನೆ: ಕೇಳುತ್ತಿರುವ ಒಡವೆ ನಿಜವಾಗಿಯೂ ಆ ಚಿತ್ರದಲ್ಲಿದೆಯೇ? 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ ಎಂದೊಡನೆ ಜನ ಆಡ್ರಿ ಹೆಪ್‌ಬರ್ನ್ ಕೊರಳಲ್ಲಿ ಭಾರಿ ಹಳದಿ ವಜ್ರವಿರುವ ಚಿತ್ರವನ್ನು ತೋರಿಸುತ್ತಾರೆ. ಅದು 128.54 ಕ್ಯಾರೆಟ್ಟಿನ ಟಿಫನಿ ವಜ್ರ. ಪ್ರಚಾರದ ಫೋಟೊಗಳಿಗಾಗಿ ಆಕೆ ತೊಟ್ಟದ್ದು. ಚಿತ್ರದೊಳಗೆ, ಬೆಳಗಿನ ಜಾವ ಟಿಫನಿ ಒಡವೆ ಅಂಗಡಿಯ ಗಾಜಿನ ಮುಂದೆ ನಿಂತಾಗ ಕೊರಳಲ್ಲಿರುವುದು ಫ್ರಾನ್ಸಿನ ರೋಜೇ ಸೆಮಾಮಾ ಮಾಡಿದ ಕೃತಕ ಮುತ್ತು ಮತ್ತು ಗಾಜಿನ ಹರಳುಗಳ ಕಂಠಾಭರಣ. ಮರ್ಲಿನ್ ಮನ್ರೊ ವಿಷಯದಲ್ಲೂ ಇದೇ ಗೊಂದಲ. ಬರೋಡದ ಗಾಯಕವಾಡರ ಬಳಿ ಇದ್ದ, 24.04 ಕ್ಯಾರೆಟ್ಟಿನ ‘ಮೂನ್ ಆಫ್ ಬರೋಡ’ ವಜ್ರವನ್ನು ಆಕೆ ತೊಟ್ಟದ್ದು 1953ರ ‘ಜಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ನ ಪ್ರಚಾರಕ್ಕೆ. ವಜ್ರಗಳನ್ನೇ ಹೊಗಳುವ ಆ ಪ್ರಸಿದ್ಧ ಹಾಡಿನಲ್ಲಿ ಮಿನುಗುವುದು ಕೃತಕ ಹರಳು. ಎರಡು ಬೇರೆ ಬೇರೆ ಒಡವೆಗಳನ್ನು ನೆನಪಿನಲ್ಲಿ ಬೆರೆಸಿಕೊಂಡು ಕೇಳುವವರೇ ಜಾಸ್ತಿ. ಹಾಗಾಗಿ ಪ್ರಚಾರದ ಫೋಟೊ ಬದಿಗಿಟ್ಟು, ಚಿತ್ರದ ಚೌಕಟ್ಟುಗಳನ್ನೇ ಒಂದೊಂದಾಗಿ ನಿಲ್ಲಿಸಿ ನೋಡುತ್ತೇನೆ.

ಅಳತೆಗೆ ನಾನು ನೆಚ್ಚುವುದು ಕಣ್ಣನ್ನು. ವಯಸ್ಕರ ಕಣ್ಣಿನ ಬಣ್ಣದ ವೃತ್ತ ಅಡ್ಡಲಾಗಿ ಹೆಚ್ಚೂಕಡಿಮೆ 12 ಮಿ.ಮೀ. ಇರುತ್ತದೆ, ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸವಿಲ್ಲ. ಮುಖ ನೇರವಾಗಿರುವ ಹತ್ತಿರದ ಚೌಕಟ್ಟು ಸಿಕ್ಕರೆ ಆ ವೃತ್ತವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಓಲೆಯ ಅಗಲ, ಮುತ್ತಿನ ಗಾತ್ರ ತೆಗೆಯಬಹುದು. ಮುಖ ಓರೆಯಾಗಿದ್ದರೆ ಈ ಲೆಕ್ಕ ಕೆಡುತ್ತದೆ. ಎದೆಯ ಮೇಲೆ ಇಳಿಬಿದ್ದ ಪದಕಕ್ಕೂ ನಂಬಬೇಡಿ, ಅದು ಕಣ್ಣಿಗಿಂತ ಕ್ಯಾಮೆರಾಕ್ಕೆ ಹತ್ತಿರವೋ ದೂರವೋ ಇರುತ್ತದೆ. ಅಂಥ ಕಡೆ ಆಕೆ ಕೈಯಿಂದ ಒಡವೆ ಮುಟ್ಟುವ ಚೌಕಟ್ಟನ್ನು ಹುಡುಕುತ್ತೇನೆ. ಬೆರಳು ಪಕ್ಕಕ್ಕೆ ಬಂದರೆ ಅಂದಾಜು ಮತ್ತೆ ಸಾಧ್ಯ.

ಕಪ್ಪು ಬಿಳುಪು ಚಿತ್ರಗಳಲ್ಲಿ ಬಣ್ಣದ್ದೇ ತಕರಾರು. ಮೂಕಿ ಚಿತ್ರಗಳ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮ್ ಕೆಂಪು ಬಣ್ಣವನ್ನು ಗ್ರಹಿಸುತ್ತಲೇ ಇರಲಿಲ್ಲ. ಮಾಣಿಕ್ಯ ಅದರಲ್ಲಿ ಇದ್ದಿಲಿನಷ್ಟು ಕಪ್ಪಾಗಿ, ನೀಲಮಣಿ ತೆಳ್ಳಗೆ ಬೆಳ್ಳಗಾಗಿ ಕಾಣುತ್ತಿತ್ತು. 1920ರ ದಶಕದ ಕೊನೆಗೆ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಬಳಕೆಗೆ ಬಂದ ಮೇಲೆ ಎಲ್ಲ ಬಣ್ಣವೂ ದಾಖಲಾಯಿತು, ಆದರೆ ಪಚ್ಚೆಯೂ ಮಾಣಿಕ್ಯವೂ ಒಂದೇ ಬೂದು ಛಾಯೆಗೆ ಇಳಿಯುವ ಸಂದರ್ಭಗಳು ಉಳಿದವು. ಮರುಸೃಷ್ಟಿಯೂ ಕಪ್ಪು ಬಿಳುಪಿನಲ್ಲೇ ಚಿತ್ರೀಕರಣಗೊಳ್ಳುವುದಾದರೆ ನಾನು ಬಣ್ಣದ ಗೋಜಿಗೇ ಹೋಗುವುದಿಲ್ಲ. ಬೇರೆ ಬೇರೆ ಬಣ್ಣದ ಹರಳುಗಳನ್ನು ಸಾಲಾಗಿ ಇಟ್ಟು, ಅದೇ ಕ್ಯಾಮೆರಾದಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸಿ, ಚೌಕಟ್ಟಿನ ಬೂದು ಛಾಯೆಗೆ ಹೊಂದುವುದನ್ನು ಆರಿಸುತ್ತೇನೆ. ಒಮ್ಮೆ ಕಡುಗೆಂಪು ಇರಬೇಕೆಂದು ಎಲ್ಲರೂ ಅಂದುಕೊಂಡಿದ್ದ ಪದಕಕ್ಕೆ ಕಂದು ಗಾಜು ಹಾಕಿದೆ. ತೆರೆಯ ಮೇಲೆ ಅದೇ ಸರಿಹೊಂದಿತು. ಆದರೆ ಒಡವೆಯನ್ನು ಜನ ಬರಿಗಣ್ಣಿನಿಂದ ನೋಡುವ ರಂಗಭೂಮಿಗೆ ಒಂದು ಬಣ್ಣ ಆರಿಸಲೇಬೇಕು. ಅದು ನನ್ನ ಊಹೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಚಿನ್ನದ ವಿಷಯದಲ್ಲಿ ನನಗೆ ಗುರು ಯೂಜೀನ್ ಜೋಸೆಫ್. ಶಿಕಾಗೊದಲ್ಲಿ 1905ರಲ್ಲಿ ಹುಟ್ಟಿ ಹಾಲಿವುಡ್ಡಿಗೆ ಬಂದು, ಸ್ಟುಡಿಯೊಗಳಿಗೆ ಒಡವೆ ಮಾಡಿ ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ. 1934ರ ಒಂದು ಚಿತ್ರದಲ್ಲಿ ಹದಿನಾರನೇ ಶತಮಾನದ ಉಡುಪಿನ ಮೇಲೆ ಇಪ್ಪತ್ತನೇ ಶತಮಾನದ ಒಡವೆ ಹಾಕಿದ್ದನ್ನು ಕಂಡು, ವಸ್ತ್ರವಿನ್ಯಾಸಕ ವಾಲ್ಟರ್ ಪ್ಲಂಕೆಟ್ ಅವರಿಗೇ ತಕರಾರು ಹೇಳಿದರಂತೆ. ಹಾಗಾದರೆ ನೀವೇ ಮಾಡಿ ಎಂಬ ಸವಾಲಿನಿಂದ ಮುಂದಿನ ಕಥೆ ಬೆಳೆಯಿತು ಎನ್ನುತ್ತಾರೆ. 1939ರ ‘ಗಾನ್ ವಿತ್ ದ ವಿಂಡ್’ಗೂ ಅವರ ಒಡವೆಗಳು ಹೋದವು. 1948ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಹೆಂಡತಿ ಜೋನ್ ವ್ಯವಹಾರ ಮುಂದುವರಿಸಿದರು.

ಜೋಸೆಫ್ ಕಂಡುಕೊಂಡದ್ದು ಸರಳ ಸಂಗತಿ. ಒಪ್ಪ ಹಾಕಿದ ಹಳದಿ ಲೋಹ ಸ್ಟುಡಿಯೊ ದೀಪಗಳ ಕೆಳಗೆ ಬಿಳಿ ಕಲೆಯಾಗಿ ಕುಕ್ಕುತ್ತದೆ. ಕೆತ್ತನೆಯೆಲ್ಲ ಆ ಬಿಳುಪಿನಲ್ಲಿ ಅಳಿಸಿಹೋಗುತ್ತದೆ. ಅದಕ್ಕೆ ಅವರು ‘ರಷ್ಯನ್ ಗೋಲ್ಡ್’ ಎಂಬ ಮಂದವಾದ, ಸ್ವಲ್ಪ ಕಂದು ಬೆರೆತ ಲೇಪ ರೂಪಿಸಿದರು. ನನ್ನದು ಅವರ ಪಾಕವಲ್ಲ, ಅದೇ ಉದ್ದೇಶದ ನನ್ನ ದಾರಿ. ಹಿತ್ತಾಳೆಯ ಅಚ್ಚನ್ನು ಅರದಿಂದ ತಿದ್ದಿ, ಬೆಸುಗೆ ಮುಗಿಸಿ, ಬಿಳಿಗಾರದ ಗಾಜುಗಟ್ಟಿದ ಪದರವನ್ನು ಚೆನ್ನಾಗಿ ತೆಗೆಯುತ್ತೇನೆ. ಆಮೇಲೆ ನುಣ್ಣನೆಯ ಪ್ಯೂಮಿಸ್ (ಉಜ್ಜುಕಲ್ಲು) ಪುಡಿ ಹಚ್ಚಿದ ಒದ್ದೆ ತಂತಿ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಉಜ್ಜಿದರೆ ಮೇಲ್ಮೈ ಹೊಳಪು ಕಳೆದುಕೊಂಡು ಮಿದುವಾಗುತ್ತದೆ. ತೆಳುವಾದ ಚಿನ್ನದ ಲೇಪದ ನಂತರ ತಗ್ಗುಗಳಿಗೆ ಕಂದು ಬಣ್ಣ ತುಂಬಿ, ಉಬ್ಬುಗಳ ಮೇಲಿನದನ್ನು ಬಟ್ಟೆಯಿಂದ ಒರೆಸಿ, ಕೊನೆಗೆ ಮ್ಯಾಟ್ ವಾರ್ನಿಷ್. ಕೈಯಲ್ಲಿ ಹಿಡಿದಾಗ ಇದು ಸೊರಗಿದ ಹಾಗೆ ಕಾಣುತ್ತದೆ. ‘ಇಷ್ಟೇನಾ?’ ಎಂಬ ಮುಖ ಮಾಡುವವರನ್ನು ದೀಪ ಹಾಕಿ ಕ್ಯಾಮೆರಾದ ಪರದೆಯಲ್ಲಿ ನೋಡಲು ಹೇಳುತ್ತೇನೆ. ಅಲ್ಲಿ ಎಲೆಯ ನರ ನರವೂ ಕಾಣುತ್ತದೆ.

ಅತಿ ಹೆಚ್ಚು ಬೇಡಿಕೆ ಸೆಮಾಮಾ ಅವರ ಮುತ್ತಿನ ಕಂಠಾಭರಣಕ್ಕೆ. ಮಾರುಕಟ್ಟೆಯಲ್ಲಿ ಸಿಗುವ ನಕಲುಗಳು ಬಹುತೇಕ ಕಳಪೆ. ಅವುಗಳಲ್ಲಿ ಎಲ್ಲ ಎಳೆಗಳೂ ಒಂದೇ ಉದ್ದದವು. ಕೊರಳಿಗೆ ಹಾಕಿದರೆ ಒಂದರ ಮೇಲೊಂದು ಏರಿ ಹಗ್ಗದಂತೆ ಸುತ್ತಿಕೊಳ್ಳುತ್ತವೆ. ಲೆಕ್ಕ ಹೀಗಿದೆ: 10 ಮಿ.ಮೀ. ಮುತ್ತಿನ ಎಳೆಗಳು ಎದೆ ಭುಜದ ಮೇಲೆ ಪೂರ್ತಿ ಮಲಗಿದರೆ, ಹೊರಗಿನ ಪ್ರತಿ ಎಳೆಯೂ ಒಳಗಿನದಕ್ಕಿಂತ ಸುಮಾರು 63 ಮಿ.ಮೀ. ಉದ್ದ ಬೇಕು. ಅವೇ ಎಳೆಗಳು ಕಂಬದಂಥ ನೆಟ್ಟಗಿನ ಕತ್ತಿನ ಮೇಲೆ ಒಂದರ ಕೆಳಗೊಂದು ನಿಂತರೆ ಒಂದು ಮಿ.ಮೀ. ಕೂಡ ಹೆಚ್ಚು ಬೇಕಿಲ್ಲ. ಮನುಷ್ಯರ ಕೊರಳು ಮೇಲೆ ಕಂಬ, ಕೆಳಗೆ ಇಳಿಜಾರು. ಹಾಗಾಗಿ ಮೇಲಿನ ಎಳೆಗಳ ನಡುವೆ ಅಂತರ ಕಡಿಮೆ, ಕೆಳಗಿನವುಗಳ ನಡುವೆ ಹೆಚ್ಚು. ಎಷ್ಟು ಎಂಬುದು ತೊಡುವವರ ಭುಜದ ಮೇಲೆ ನಿಂತಿದೆ. ತೊಡುವವರ ಕೊರಳು ಮತ್ತು ಭುಜದ ಮೇಲೆ ಪ್ಲಾಸ್ಟರ್ ಪಟ್ಟಿಯಿಂದ ಅಚ್ಚು ತೆಗೆದು, ಅದರ ಮೇಲೆಯೇ ಒಂದೊಂದು ಎಳೆಯನ್ನೂ ಪೋಣಿಸುತ್ತೇನೆ. ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ಪೋಣಿಸಿದ ಸರ ಮೇಜಿಗೇ ಚೆಂದ.

ಮುತ್ತು ಗಾಜಿನದೇ ಆಗಬೇಕು. ಪ್ಲಾಸ್ಟಿಕ್ ಹಗುರ, ನಡೆದಾಗ ಪುಟಿಯುತ್ತದೆ, ಆ ಪುಟಿತವನ್ನು ಕ್ಯಾಮೆರಾ ಬಿಡದೆ ಹಿಡಿಯುತ್ತದೆ. ಹಿಂದೆ ಕೃತಕ ಮುತ್ತಿನ ಹೊಳಪು ಮೀನಿನ ಪೊರೆಯಿಂದ ತೆಗೆದ ಸತ್ವದಿಂದ ಬರುತ್ತಿತ್ತು. ಈಗ ಬೇರೆ ಲೇಪಗಳೂ ಇವೆ. ನಾನು ನೋಡುವುದು ರಂಧ್ರದ ಬಾಯಿಯನ್ನು. ಅಲ್ಲಿ ಲೇಪ ಚಕ್ಕೆ ಎದ್ದಿದ್ದರೆ ದಾರ ಉಜ್ಜಿ ಉಜ್ಜಿ ಉಳಿದದ್ದನ್ನೂ ಕೀಳುತ್ತದೆ, ಅಂಥ ಕಟ್ಟನ್ನು ಹಿಂದಿರುಗಿಸುತ್ತೇನೆ. ರೇಷ್ಮೆ ದಾರದಲ್ಲಿ ಪ್ರತಿ ಮುತ್ತಿನ ನಡುವೆಯೂ ಗಂಟು. ರಂಗದ ಮೇಲೆ ದಾರ ಕಡಿದರೆ ಉದುರುವುದು ಒಂದೇ ಮುತ್ತು. ನರ್ತಕಿಯ ಕಾಲಡಿಗೆ ಒಂದು ಸರದ ಮುತ್ತೆಲ್ಲ ಹರಡಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಗಂಟುಗಳು ಉದ್ದವನ್ನು ಹೆಚ್ಚಿಸುತ್ತವೆ, ಆ ಲೆಕ್ಕ ಮೊದಲೇ ಹಿಡಿದಿರಬೇಕು.

ಇನ್ನು ಸರದ ಮುಂಭಾಗದ ಹರಳಿನ ಬಿಲ್ಲೆ. ಅದರ ಭಾರಕ್ಕೆ ಇಡೀ ಸರ ಮುಂದಕ್ಕೆ ಜಗ್ಗುತ್ತದೆ, ಮೇಲಿನ ಎಳೆಗಳು ಕೊರಳಿನ ಹಿಂಭಾಗವನ್ನು ಒತ್ತುತ್ತವೆ. ಬಿಲ್ಲೆಯ ತಗಡನ್ನು ತೆಳುಗೊಳಿಸಿ, ಹಿಂದಿನ ಕೊಕ್ಕೆಯನ್ನು ಬೇಕೆಂದೇ ಭಾರವಾಗಿ ಮಾಡುತ್ತೇನೆ. ಅಂಗಡಿಯ ಮುಂದಿನ ಆ ದೃಶ್ಯದಲ್ಲಿ ಕ್ಯಾಮೆರಾ ಆಕೆಯನ್ನು ಹಿಂದಿನಿಂದಲೂ ನೋಡುತ್ತದಾದ್ದರಿಂದ ಕೊಕ್ಕೆಯಲ್ಲಿ ಕಳ್ಳಾಟ ನಡೆಯುವುದಿಲ್ಲ.

ವಜ್ರದ ಆ ಹಾಡಿನಲ್ಲಿ ಮನ್ರೊ ತೊಟ್ಟ ಕಡಗಗಳ ಕೆಲಸ ಇದಕ್ಕಿಂತ ಸುಲಭ, ಒಂದು ತೊಡಕಿನ ಹೊರತು: ಅವು ಉದ್ದನೆಯ ಸ್ಯಾಟಿನ್ ಕೈಗವಸಿನ ಮೇಲೆ ಕೂರಬೇಕು. ಬರಿಗೈಯ ಅಳತೆ ಕೆಲಸಕ್ಕೆ ಬಾರದು. ಹರಳು ಹಿಡಿಯುವ ಉಗುರುಗಳು ಸ್ಯಾಟಿನ್ನಿನ ಎಳೆ ಕೀಳುತ್ತವೆ. ಹಾಗಾಗಿ ಒಳಮೈಗೆ ತೆಳು ಚರ್ಮ ಅಂಟಿಸುತ್ತೇನೆ. ಅದರಿಂದ ಇನ್ನೊಂದು ಲಾಭವೂ ಇದೆ. ಒಂದರ ಪಕ್ಕ ಒಂದು ಇರುವ ಕಡಗಗಳ ಕಣಕಣ ಸದ್ದು ಕಾಲರ್ ಮೈಕಿಗೆ ಬಹಳ ಪ್ರೀತಿ. ಚರ್ಮ ಅದನ್ನು ಅರ್ಧಕ್ಕರ್ಧ ನುಂಗುತ್ತದೆ.

ಹರಳುಗಳ ಆಯ್ಕೆಯಲ್ಲಿ ಕಾಲದ ಲೆಕ್ಕ ತಪ್ಪಬಾರದು. ಕಾಮನಬಿಲ್ಲಿನ ಬಣ್ಣ ಹೊಮ್ಮಿಸುವ ‘ಅರೋರಾ ಬೊರಿಯಾಲಿಸ್’ ಲೇಪದ ಹರಳು ಬಂದದ್ದು 1956ರಲ್ಲಿ, ಹರಳು ತಯಾರಿಸುವ ಸ್ವರೋವ್‌ಸ್ಕಿ ಸಂಸ್ಥೆಯಿಂದ. 1953ರ ಚಿತ್ರದ ಮರುಸೃಷ್ಟಿಯಲ್ಲಿ ಅದನ್ನು ಕಂಡಾಗ ನನಗೆ ಮೈ ಉರಿಯುತ್ತದೆ. ಬೆನ್ನಿಗೆ ಬೆಳ್ಳಿಬಣ್ಣದ ಹಾಳೆ ಇರುವ ಸಾದಾ ಹರಳು ಸಾಕು. ಅಂಟಿನಲ್ಲಿ ಮಾತ್ರ ಎಚ್ಚರ ಬೇಕು: ತಕ್ಷಣ ಹಿಡಿಯುವ ಅಂಟಿನ ಆವಿ ಹರಳಿನ ಮೇಲೆ ಬಿಳಿ ಮಬ್ಬು ಬಿಡುತ್ತದೆ. ಉಗುರಿನಿಂದ ಬಿಗಿಯಲು ಸಾಧ್ಯವಿಲ್ಲದ ಕಡೆ ಎರಡು ಭಾಗ ಬೆರೆಸುವ ಎಪಾಕ್ಸಿ ಹಾಕುತ್ತೇನೆ. ಒಡವೆ ವಾಪಸು ಬಂದಾಗ ನೀರಿನಲ್ಲಿ ತೊಳೆಯುವುದಿಲ್ಲ, ಯಾರಿಗೂ ತೊಳೆಯಲು ಬಿಡುವುದೂ ಇಲ್ಲ. ಬೆನ್ನಿನ ಹಾಳೆಗೆ ತೇವ ಹೊಕ್ಕರೆ ಹರಳು ಕಪ್ಪಿಟ್ಟು ಸತ್ತುಹೋಗುತ್ತದೆ.

ಅಪರೂಪಕ್ಕೆ ಅಸಲಿ ಒಡವೆಯೇ ತೆರೆಯ ಮೇಲೆ ಬಂದದ್ದುಂಟು. ‘ಸನ್‌ಸೆಟ್ ಬುಲೆವಾರ್ಡ್’ನಲ್ಲಿ ಗ್ಲೋರಿಯಾ ಸ್ವಾನ್ಸನ್ ತೊಟ್ಟ ಸ್ಫಟಿಕ ಮತ್ತು ವಜ್ರದ ಕಾರ್ಟಿಯೆ ಕಡಗಗಳು ಆಕೆಯ ಸ್ವಂತದ್ದು. 1956ರ ‘ಹೈ ಸೊಸೈಟಿ’ಯಲ್ಲಿ ಗ್ರೇಸ್ ಕೆಲ್ಲಿ ಬೆರಳಲ್ಲಿರುವುದು ಮೊನಾಕೊದ ರಾಜಕುಮಾರ ಕೊಟ್ಟ ನಿಶ್ಚಿತಾರ್ಥದ ಉಂಗುರ, 10.47 ಕ್ಯಾರೆಟ್. ಈ ಉಂಗುರ ನನ್ನನ್ನು ಕಾಡಿದಷ್ಟು ಇನ್ನಾವುದೂ ಕಾಡಿಲ್ಲ. ದುಂಡು ವಜ್ರವಾದರೆ ನೂರು ಕಿಡಿ ಚದುರಿಸಿ ಗಾಜಿನ ದೋಷವನ್ನು ಮುಚ್ಚುತ್ತದೆ. ಇದು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಆಯತ. ಕನ್ನಡಿಯ ಪಟ್ಟಿಗಳಂತೆ ಒಮ್ಮೆಗೇ ಬೆಳಗಿ ಒಮ್ಮೆಗೇ ಆರುತ್ತದೆ. ಬೆಳಕನ್ನು ಬಾಗಿಸುವ ಶಕ್ತಿ ವಜ್ರಕ್ಕೆ 2.42, ಗಾಜಿಗೆ ಸುಮಾರು 1.5. ಹೀಗಾಗಿ ಗಾಜಿನಲ್ಲಿ ಮಾಡಿದರೆ ಕಲ್ಲಿನ ನಡುವಿನಿಂದ ಬೆರಳಿನ ಚರ್ಮವೇ ಕಾಣುತ್ತದೆ. 2.15ರ ಆಸುಪಾಸಿನ ಕ್ಯೂಬಿಕ್ ಜಿರ್ಕೋನಿಯಾ ಇಲ್ಲಿ ಉಳಿದ ದಾರಿ. ಆದರೆ ಅದು ಅಷ್ಟೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಕ್ಯಾರೆಟ್ ತೂಕದ ಅಳತೆ, ಅದನ್ನು ಹೇಳಿ ತರಿಸಿದರೆ ಕಲ್ಲು ಚಿಕ್ಕದಾಗಿ ಬರುತ್ತದೆ. ಮಿಲಿಮೀಟರಿನಲ್ಲಿ ಕೇಳಬೇಕು. ಕಲ್ಲು ಕೂರುವ ಲೋಹದ ಗೂಡಿನ ತಳವನ್ನು ಮುಚ್ಚಿ ಒಳಗೆ ಒಪ್ಪ ಹಾಕಿದರೆ ಪಟ್ಟಿಗಳಿಗೆ ಇನ್ನಷ್ಟು ಬೆಳಕು ಮರಳುತ್ತದೆ.

ಮಂದ ಲೇಪದ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ, ಅದನ್ನು ನಾನೇ ಮುರಿಯುವ ಒಂದು ಒಡವೆಯಿದೆ. 1954ರ ‘ರಿಯರ್ ವಿಂಡೊ’ದಲ್ಲಿ ಕೊಲೆಯಾದವಳ ಮದುವೆಯ ಉಂಗುರವನ್ನು ಗ್ರೇಸ್ ಕೆಲ್ಲಿ ತನ್ನ ಬೆರಳಿಗೆ ಹಾಕಿಕೊಂಡು, ಕೈಯನ್ನು ಬೆನ್ನ ಹಿಂದೆ ತಂದು, ಎದುರು ಮನೆಯಿಂದ ನೋಡುತ್ತಿರುವ ನಾಯಕನಿಗೆ ತೋರಿಸುತ್ತಾಳೆ. ಕೊಲೆಗಾರನ ಕಣ್ಣಿಗೂ ಅದು ಬೀಳುತ್ತದೆ. ಕಥೆ ತಿರುಗುವುದೇ ಅಲ್ಲಿ. ಇಂಥ ದೃಶ್ಯವನ್ನು ರಂಗಕ್ಕೆ ತರುವವರು ಉಂಗುರ ಕೇಳಿದಾಗ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಅದು ಕಾಣಬೇಕು. ಬರಿಯ ಅಗಲ ಹೆಚ್ಚಿಸಿದರೆ ಮದುವೆಯ ಉಂಗುರದ ಲಕ್ಷಣವೇ ಹೋಗುತ್ತದೆ. ಅದಕ್ಕೆ ದುಂಡು ಹೊರಮೈಯನ್ನು ಅರದಿಂದ ಚಪ್ಪಟೆ ಮುಖಗಳಾಗಿ ತಿದ್ದಿ ಕನ್ನಡಿಯಂತೆ ಒಪ್ಪ ಹಾಕುತ್ತೇನೆ. ಬೆರಳು ಸ್ವಲ್ಪ ಅಲುಗಿದರೂ ಯಾವುದೋ ಒಂದು ಮುಖ ದೀಪಕ್ಕೆ ಸಿಗುತ್ತದೆ. ದೀಪ ಯಾವ ಕಡೆಯಿಂದ ಬರುತ್ತದೆಂದು ಬೆಳಕಿನ ವಿನ್ಯಾಸಕರನ್ನು ಕೇಳದೆ ನಾನು ಅರ ಎತ್ತಿಕೊಳ್ಳುವುದಿಲ್ಲ.